ಏನೂ ಕಲಿಸದ ಅಪ್ಪ

ಕೇಳುವುದು ಆರೇ ಪ್ರಶ್ನೆ. ಅವು ಏನೆಂದು ಅಥೆನ್ಸಿನಲ್ಲಿ ಮೊನ್ನೆ ಹುಟ್ಟಿದ ಕೂಸಿಗೂ ಗೊತ್ತು. ಆದರೂ ಲೂಕಿನೋಸ್ ಬೆಳಗಿನಿಂದ ಅವನ್ನೇ ಮನಸ್ಸಿನಲ್ಲಿ ಮಗುಚಿ ಹಾಕುತ್ತ, ಸಭಾಭವನದ ಹೊರಗಿನ ಮರದ ನೆರಳಲ್ಲಿ ತನ್ನ ಸರದಿಗೆ ಕಾಯುತ್ತಿದ್ದ. ನಿನ್ನ ತಂದೆ ಯಾರು? ತಾಯಿ ಯಾರು? ಮನೆದೇವರ ಗುಡಿ ಎಲ್ಲಿದೆ? ಹಿರಿಯರ ಸಮಾಧಿ ಎಲ್ಲಿದೆ? ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ? ದಂಡಿಗೆ ಕರೆದಾಗ ಹೋಗಿದ್ದೀಯಾ? ಚೀಟಿ ಎತ್ತುವ ಹಾಗೆ ಕಾಳು ಎತ್ತಿದ ದಿನ ಅವನ ಹೆಸರಿಗೆ ಬಿಳಿ ಅವರೆ ಬಿದ್ದು, ಬರುವ ವರ್ಷದ ಐನೂರು ಮಂದಿಯ ಸಭೆಗೆ ಅವನು ಆಯ್ಕೆಯಾಗಿದ್ದ. ಉಳಿದದ್ದು ಈ ವಿಚಾರಣೆ ಒಂದೇ. ಹಳೆಯ ಸಭೆಯವರು ಕೇಳುತ್ತಾರೆ, ಹೊಸಬ ಉತ್ತರ ಕೊಡುತ್ತಾನೆ, ಇಬ್ಬರು ಸಾಕ್ಷಿಗಳು ಹೌದು ಅನ್ನುತ್ತಾರೆ, ಎಲ್ಲರೂ ಕೈ ಎತ್ತುತ್ತಾರೆ, ಮುಗಿಯಿತು. ಅವನಿಗಿಂತ ಮುಂದಿದ್ದವರು ಒಂದು ಅಂಜೂರ ತಿಂದು ಮುಗಿಸುವಷ್ಟರಲ್ಲಿ ಒಳಗೆ ಹೋಗಿ ಹೊರಗೆ ಬರುತ್ತಿದ್ದರು. ಐದನೆಯ ಪ್ರಶ್ನೆಗೆ "ಹೌದು, ನೋಡಿಕೊಳ್ಳುತ್ತೇನೆ" ಅನ್ನಬೇಕೋ, ಬರೀ "ಹೌದು" ಅಂದರೆ ಸಾಕೋ ಎಂದು ಅವನಿಗೆ ಇನ್ನೂ ಬಗೆಹರಿದಿರಲಿಲ್ಲ. ಜನರಿಗೆ ನ್ಯಾಯಸ್ಥಾನದಲ್ಲಿ ಆಡುವ ಮಾತು ಬರೆದುಕೊಡುವುದೇ ಅವನ ಕಸುಬು. ಕೊಲೆ ಮಾಡಿದವನಿಗೂ ನಾಲ್ಕು ಒಳ್ಳೆಯ ಮಾತು ಹುಡುಕಿಕೊಟ್ಟವನಿಗೆ ಈ ಒಂದು ಮಾತು ಹೊಂದಿಸಲು ಆಗುತ್ತಿರಲಿಲ್ಲ.

ಅಪ್ಪ ಬದುಕಿದ್ದ, ತೊಂದರೆ ಅದೇ. ಸತ್ತಿದ್ದರೆ ಸಮಾಧಿಗೆ ವರ್ಷಕ್ಕೊಮ್ಮೆ ಎಣ್ಣೆ ಸುರಿದು, ಬಟ್ಟೆಯ ಪಟ್ಟಿ ಕಟ್ಟಿ, ಒಳ್ಳೆಯ ಮಗ ಅನ್ನಿಸಿಕೊಳ್ಳುವುದು ಎಷ್ಟು ಹಗುರ. ಹೀಗೆ ಯೋಚಿಸಿದ ಕೂಡಲೇ ಲೂಕಿನೋಸ್ ಅತ್ತಿತ್ತ ನೋಡಿದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ಅವನಪ್ಪ ಆಂಡ್ರೋನ್ ಎಂದರೆ ಪಿರೇಯಸ್ ಬಂದರಿನಲ್ಲಿ ಹಡಗು ಕಟ್ಟುವವರೆಲ್ಲ ಒಂದು ಕಾಲಕ್ಕೆ ಎದ್ದು ನಿಲ್ಲುತ್ತಿದ್ದ ಹೆಸರು. ಈಗ ಎಪ್ಪತ್ತು ದಾಟಿ, ಕೈಗೆ ನಡುಕ ಬಂದು, ಹಡಗಿನ ಕೊಟ್ಟಿಗೆಯ ಮೂಲೆಯಲ್ಲಿ ಹಗ್ಗದ ಸುರುಳಿಗಳ ನಡುವೆ ಮಲಗುತ್ತಿದ್ದ. ಹಗಲೆಲ್ಲ ಹಡಗಿಗೆ ಬಳಿಯುವ ರಾಳದ ಹಂಡೆ ಕಲಕುತ್ತಿದ್ದ. ರಾಳ ಕಲಕುವವನ ಕೈ ನಡುಗಿದರೆ ಯಾರಿಗೂ ನಷ್ಟವಿಲ್ಲ. ಅವನ ಕೈಕೆಳಗೆ ಕೆಲಸ ಕಲಿತವರು, ಈಗ ಅವರ ತಲೆಯೂ ನೆರೆತಿದೆ, ತಮ್ಮ ರೊಟ್ಟಿಯಲ್ಲಿ ಪಾಲು ಕೊಡುತ್ತಿದ್ದರು. ಮಗನ ಮನೆ ಇದ್ದದ್ದು ನಗರದಲ್ಲಿ, ಉದ್ದ ಗೋಡೆಗಳ ನಡುವಿನ ದಾರಿ ಹಿಡಿದರೆ ಬೆಳಗಿನ ತಂಪಿನಲ್ಲೇ ಹೋಗಿ ಮುಟ್ಟುವಷ್ಟು ಹತ್ತಿರ. ಮೂರು ವರ್ಷದಿಂದ ಅವನು ಆ ದಾರಿ ಇಳಿದಿರಲಿಲ್ಲ. ಹಬ್ಬಕ್ಕೊಂದು ಚೀಲ ಬಾರ್ಲಿ ಆಳಿನ ಕೈಲಿ ಕಳಿಸುತ್ತಿದ್ದ. ಕಳೆದ ವರ್ಷ ಅದನ್ನೂ ನಿಲ್ಲಿಸಿದ. ಮರೆತು ಅಲ್ಲ. ಆಳು ಹಿಂದಿರುಗಿ ಬಂದು "ಅಜ್ಜ ನಿಮ್ಮನ್ನ ಕೇಳಿದ್ರು" ಅನ್ನುವುದನ್ನು ಕೇಳಲಾರದೆ. ಹೆಂಡತಿ ಹೆಗಿಲ್ಲ ಎರಡು ಸಲ ಹೇಳಿದ್ದಳು, "ಅಂಗಳದ ಪಕ್ಕದ ಕೋಣೆ ಖಾಲಿ ಬಿದ್ದಿದೆ, ಮಾವನ್ನ ಕರ್ಕೊಂಡು ಬನ್ನಿ, ಒಂದು ಹಿಟ್ಟಿನ ಮುದ್ದೆ ಹೆಚ್ಚಿಗೆ ನಾದಿದ್ರೆ ನನ್ನ ಕೈ ಸವೆದು ಹೋಗಲ್ಲ." ಹಾಗಾಗಿ ಹೆಂಡತಿಯ ಮೇಲೆ ಹಾಕಿ ಸುಮ್ಮನಾಗುವ ದಾರಿಯೂ ಅವನಿಗೆ ಇರಲಿಲ್ಲ.

ಅಪ್ಪ ಆ ಮನೆಗೆ ಕೊನೆಯ ಸಲ ಬಂದ ದಿನ ಗೆಳೆಯರು ಊಟಕ್ಕೆ ಬಂದು ಮಂಚಗಳ ಮೇಲೆ ಒರಗಿದ್ದರು. ಮಾತು ಸೊಫಿಯಾದ ಮೇಲೆ, ಅಂದರೆ ನಿಜವಾದ ಅರಿವು ಯಾವುದು ಎಂಬುದರ ಮೇಲೆ ನಡೆದಿತ್ತು. ಆ ವರ್ಷ ಊರಿನ ಊಟದ ಮನೆಗಳಲ್ಲೆಲ್ಲ ಉಪ್ಪಿನ ಆಲಿವ್ ಜೊತೆಗೆ ಬಡಿಸುತ್ತಿದ್ದದ್ದು ಅದೊಂದೇ ಮಾತು. ಎಲ್ಲದರ ಮೂಲ ಕಾರಣ ಬಲ್ಲವನಲ್ಲಿ ಅದು ಇದೆ ಎಂದ ಒಬ್ಬ. ಊರಾಳುವುದು ಬಲ್ಲವನಲ್ಲಿದೆ ಎಂದ ಇನ್ನೊಬ್ಬ. ಲೂಕಿನೋಸನಿಗೆ ಮಾತು ಕಲಿಸಿದ ಗುರು, ದ್ವೀಪದಿಂದ ಬಂದವನು, ಬೆರಳಿಗೆ ಹತ್ತಿದ ಜೇನು ನೆಕ್ಕುತ್ತ, ಸೋಲುವ ವಾದವನ್ನು ಗೆಲ್ಲಿಸಬಲ್ಲವನಲ್ಲಿ ಇದೆ, ಮಿಕ್ಕವರೆಲ್ಲ ಅದರ ನೆರಳು ಹಿಡಿದು ಓಡಾಡುತ್ತಿದ್ದಾರೆ ಎಂದ. ಆಗ ಅಪ್ಪ ಒಂದು ಬುಟ್ಟಿ ಸಣ್ಣ ಮೀನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ರಾಳದ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು. "ಯಾರಪ್ಪ ಇವರು?" ಎಂದು ಗುರು ಕೇಳಿದ. "ಬಂದರಿನ ಕಡೆಯವರು, ಪರಿಚಯ" ಎಂದ ಲೂಕಿನೋಸ್. ಅದು ತಾನಾಗಿ ಬಾಯಿಂದ ಬಂತು, ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಬೆರಗಾಯಿತು. ಗುರು ಕಣ್ಣು ಮಿಟುಕಿಸಿ, "ಬನ್ನಿ ಅಜ್ಜ, ನಮಗೊಂದು ಜಗಳ ಬಗೆಹರಿಸಿಕೊಡಿ. ಈ ಸೊಫಿಯಾ ಅನ್ನೋದು ಯಾರ ಹತ್ರ ಇರುತ್ತೆ?" ಎಂದ. ಅಪ್ಪ ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡ. ಅವನ ಜನಕ್ಕೆ ಅದು ಕೈಯ ಜಾಣ್ಮೆಗೆ ಹೇಳುವ ದಿನಬಳಕೆಯ ಮಾತು. ಮರ ಬಗ್ಗಿಸುವವನಿಗೆ ಅದು ಇರುತ್ತದೆ, ಚುಕ್ಕಾಣಿ ಹಿಡಿಯುವವನಿಗೆ ಇರುತ್ತದೆ, ತಂತಿ ಬಿಗಿದು ಸ್ವರ ಕೂಡಿಸುವವನಿಗೆ ಇರುತ್ತದೆ, ಇಲ್ಲದವನಿಗೆ ಇಲ್ಲ. ಅವನು ಬುಟ್ಟಿ ಕೆಳಗಿಟ್ಟು, ಬಗ್ಗಿ, ಗುರು ಒರಗಿದ್ದ ಮಂಚದ ಮೂಲೆಯನ್ನು ಹೆಬ್ಬೆರಳಿನಿಂದ ತಡವಿ, "ಇದನ್ನ ಮಾಡಿದೋನ ಹತ್ರ ಇರಲಿಲ್ಲ ಬುದ್ಧಿ, ಕೀಲು ಸಡಿಲ ಬಿಟ್ಟವನೆ" ಎಂದ. ಊಟದ ಮನೆ ಬಿದ್ದು ಬಿದ್ದು ನಕ್ಕಿತು. "ನಾವು ಇಷ್ಟು ದಿನ ಆಕಾಶದಲ್ಲಿ ಹುಡುಕಿದ್ವಿ, ಅದು ನನ್ನ ಕುಂಡೆ ಕೆಳಗೇ ಕಳೆದು ಹೋಗಿದೆ" ಎಂದ ಗುರು. ಎಲ್ಲರಿಗಿಂತ ಮೊದಲು ನಕ್ಕವನು ಲೂಕಿನೋಸ್. ಅಪ್ಪನೂ ನಗುತ್ತಿದ್ದ, ತಾನೇನೋ ಒಳ್ಳೆಯ ಮಾತು ಹೇಳಿದೆ ಎಂದು. ನಗುತ್ತಲೇ ಮಗನ ಮುಖ ನೋಡಿ ನಿಲ್ಲಿಸಿದ. ಮೀನನ್ನು ಅಡಿಗೆಯವಳ ಕೈಗೆ ಕೊಟ್ಟು ಹೋದ.

"ಲೂಕಿನೋಸ್, ಆಂಡ್ರೋನನ ಮಗ" ಎಂದು ಸಾರುವವನು ಕೂಗಿದಾಗ ಅವನು ಎಡಗೈಯನ್ನು ಮೇಲುಹೊದಿಕೆಯ ಒಳಕ್ಕೆ ಸೇರಿಸಿಕೊಂಡು ಎದ್ದ. ಒಳ್ಳೆಯ ಮನೆತನದ ಮಾತುಗಾರರು ಕೈ ಹೊರಗೆ ಬೀಸದೆ ನಿಂತು ಮಾತಾಡಬೇಕೆಂಬುದು ಹಳೆಯ ವಾಡಿಕೆ. ಗುರು ಆ ವಾಡಿಕೆ ಹೇಳಿಕೊಟ್ಟ ದಿನ ಲೂಕಿನೋಸನಿಗೆ ಆದಷ್ಟು ಸಂತೋಷ ಬೇರೆ ಯಾವ ಶಿಷ್ಯನಿಗೂ ಆಗಿರಲಾರದು. ಅವನ ಎಡಗೈಯ ತೋರುಬೆರಳಿಗೆ ತುದಿಯಿಲ್ಲ. ಒಳಗೆ ಹೋಗಿ ಮರದ ಕಟಕಟೆಯ ಈಚೆ ನಿಂತ. ಕಟಕಟೆಯ ಆಚೆ ಸುಮ್ಮನೆ ನೋಡಲು ಬಂದ ಜನ ನಿಂತಿದ್ದರು, ಬಿಸಿಲಿಗೆ ಹೆದರಿ ನೆರಳಿಗೆ ಬಂದವರೇ ಹೆಚ್ಚು. ಅವರ ನಡುವೆ ಅಪ್ಪ ಇದ್ದ.

ಗೋಡೆಗೆ ಆತು ನಿಂತಿದ್ದ, ಎರಡೂ ಕೈಯಲ್ಲಿ ಕೋಲು ಹಿಡಿದು, ನಡುಕ ಕಾಣದ ಹಾಗೆ. ಅಷ್ಟು ದೂರ ನಡೆದು ಬಂದಿದ್ದಾನೆ ಎಂದ ಮೇಲೆ ಕತ್ತಲಿರುವಾಗಲೇ ಹೊರಟಿರಬೇಕು. ಮುಖ ತೊಳೆದುಕೊಂಡಿದ್ದ, ಗಡ್ಡ ಬಾಚಿದ್ದ. ಲೂಕಿನೋಸನಿಗೆ ಮೊದಲು ಹೊಳೆದದ್ದು ಒಂದೇ. ದೂರು ಕೊಡಲು ಬಂದಿದ್ದಾನೆ. ಎಲ್ಲ ಬಿಟ್ಟು ಈ ದಿನಕ್ಕೆಂದೇ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಹೆತ್ತವರನ್ನು ಬೀದಿಗೆ ಬಿಟ್ಟವನು ಸಭೆಯಲ್ಲಿ ಕೂರುವುದು ಹಾಗಿರಲಿ, ಊರ ಮುಂದೆ ಬಾಯಿ ತೆರೆದು ಒಂದು ಮಾತಾಡುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಮಾತೇ ಕಸುಬಾದವನಿಗೆ ಅಷ್ಟಾದರೆ ಉಳಿಯುವುದೇನು. ಆ ಕ್ಷಣ ಅವನು ಅಪ್ಪನನ್ನು ದ್ವೇಷಿಸಿದ, ಅವನ ಬಾಚಿದ ಗಡ್ಡವನ್ನು, ತೊಳೆದ ಮುಖವನ್ನು. ದಾರಿಯಲ್ಲಿ ಬಿದ್ದು ಹೋಗಬಾರದಿತ್ತೇ ಎಂದುಕೊಂಡ. ಅದನ್ನು ಪೂರ್ತಿಯಾಗಿ ಒಂದು ವಾಕ್ಯದಲ್ಲಿ ಅಂದುಕೊಂಡ, ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ತಂದೆಯ ಹೆಸರು ಹೇಳಿದ. ತಾಯಿಯ ಹೆಸರು ಹೇಳಿದ. ಗುಡಿ, ಸಮಾಧಿ. ಹೆತ್ತವರ ಪ್ರಶ್ನೆ ಬಂದಾಗ "ಹೌದು" ಎಂದಷ್ಟೇ ಅಂದ, ಅದೂ ಸ್ವಲ್ಪ ಬೇಗ. ದಂಡಿನ ಪ್ರಶ್ನೆ ಮುಗಿಯಿತು. ಚಿಕ್ಕಪ್ಪನ ಮಕ್ಕಳಿಬ್ಬರು ಸಾಕ್ಷಿ ನುಡಿದರು. "ಇವನ ಮೇಲೆ ಯಾರಾದರೂ ದೂರು ಹೇಳೋರು ಇದ್ದಾರಾ?" ಎಂದು ಸಭೆಯ ಮುಖ್ಯಸ್ಥ ಆಕಳಿಸುತ್ತ ಕೇಳಿದ. ಅಪ್ಪ ಅಲುಗಲಿಲ್ಲ. ಮುಂದೆ ಬಂದವನು ಎಣ್ಣೆ ಮಾರುವ ಕೈರಿಯಾಸ್. ಲೂಕಿನೋಸನ ಊರಿನವನೇ. ಎರಡು ವರ್ಷದ ಹಿಂದೆ ಬದುವಿನ ಜಗಳದಲ್ಲಿ ಎದುರಾಳಿಗೆ ಲೂಕಿನೋಸ್ ಮಾತು ಬರೆದುಕೊಟ್ಟು, ಇವನ ಒಂದು ಸಾಲು ಆಲಿವ್ ಮರ ಕೈಬಿಟ್ಟು ಹೋಗಿತ್ತು.

"ಸ್ವಾಮಿ, ನಾನು ಇವರ ಹಾಗೆ ಮಾತು ಕಟ್ಟೋನಲ್ಲ" ಎಂದ ಕೈರಿಯಾಸ್. "ಕಣ್ಣಲ್ಲಿ ಕಂಡಿದ್ದು ಹೇಳ್ತೀನಿ. ಎಣ್ಣೆ ಹಾಕೋಕೆ ಬಂದರಿಗೆ ಹೋಗ್ತಾ ಇರ್ತೀನಿ. ಈ ಮನುಷ್ಯನಪ್ಪ ಹಡಗಿನ ಕೊಟ್ಟಿಗೇಲಿ ನಾಯಿ ಮಲಗೋ ಜಾಗದಲ್ಲಿ ಮಲಗ್ತಾನೆ. ಕೆಲಸದೋರು ಮುರಿದುಕೊಟ್ಟ ರೊಟ್ಟಿ ತಿಂತಾನೆ. ಮಗ ಇಲ್ಲಿ ಮಂಚದ ಮೇಲೆ ಒರಗಿ ಸೊಫಿಯಾ ಸೊಫಿಯಾ ಅಂತ ಹಾಡ್ತಾನೆ. ಚೆನ್ನಾಗಿ ನೋಡ್ಕೊತೀನಿ ಅಂದ್ರಲ್ಲ, ಅದಕ್ಕೆ ಬಂದೆ. ಬೇಕಾದ್ರೆ ಮುದುಕಪ್ಪ ಅಲ್ಲೇ ನಿಂತವ್ನೆ, ಕೇಳಿ."

ಐನೂರು ಮುಖ ತಿರುಗಿತು. ಲೂಕಿನೋಸ್ ಉತ್ತರ ಹುಡುಕಿದ. ಒಂದು ಉತ್ತರ ಸಿದ್ಧವಾಗಿಯೇ ಇತ್ತು, ಅವನೇ ತಯಾರಿಸಿದ್ದು. ಕಳೆದ ಚಳಿಗಾಲ ಚರ್ಮದ ಕೆಲಸದವನೊಬ್ಬನ ಮಗ ತಂದೆಯನ್ನು ಹೊರಗೆ ಹಾಕಿ ಸಿಕ್ಕಿಬಿದ್ದು ಇವನ ಹತ್ತಿರ ಬಂದಿದ್ದ. ಮಗನಿಗೆ ಕಸುಬು ಕಲಿಸದ ತಂದೆ ಮುಪ್ಪಿನಲ್ಲಿ ಮಗನಿಂದ ಅನ್ನ ಕೇಳುವಂತಿಲ್ಲ ಎಂದು ಹಳೆಯ ಶಾಸನವಿದೆ. ಆದರೆ ಆ ತಂದೆ ಕಲಿಸಿದ್ದ. ಎಲ್ಲರೂ ಕಂಡಿದ್ದರು. ಲೂಕಿನೋಸ್ ಮೂರು ದಿನ ಅಂಗಳದಲ್ಲಿ ಓಡಾಡಿ ಒಂದು ವಾಕ್ಯ ಹುಡುಕಿದ. ಕಲಿಸುವುದು ಬೇರೆ, ದುಡಿಸಿಕೊಳ್ಳುವುದು ಬೇರೆ. ಅಷ್ಟರಲ್ಲೇ ಗೆದ್ದ. ಸಂತೆಯಲ್ಲಿ ಜನ ಆ ವಾಕ್ಯವನ್ನು ಆಡಿಕೊಂಡು ನಗುತ್ತಿದ್ದರು, ಗುರು ಬೆನ್ನು ತಟ್ಟಿದ. ಆ ಮುದುಕ ಆಮೇಲೆ ಏನಾದ ಎಂದು ಲೂಕಿನೋಸ್ ವಿಚಾರಿಸಿರಲಿಲ್ಲ. ಈಗ ಅದೇ ವಾಕ್ಯ ನಾಲಗೆಯ ಮೇಲೆ ಬಂದು ಕೂತಿತ್ತು, ಅಪ್ಪ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ.

"ಅಜ್ಜ, ಮುಂದೆ ಬನ್ನಿ. ನೀವು ಇವರ ತಂದೆಯೇನು?" ಎಂದ ಮುಖ್ಯಸ್ಥ.

"ಹೌದು ಬುದ್ಧಿ. ನಾನು ಹುಟ್ಟಿಸಿದೋನು, ಅಷ್ಟೆ." ಅಪ್ಪನ ಸ್ವರ ಹಡಗಿನ ಕೊಟ್ಟಿಗೆಯಲ್ಲಿ ಕೂಗಿ ಅಭ್ಯಾಸವಾದದ್ದು, ಆ ಭವನಕ್ಕೆ ತೀರಾ ದೊಡ್ಡದಾಯಿತು. "ಈ ಎಣ್ಣೆಯವರು ಹೇಳಿದ್ದು ದಿಟ. ನಾನು ಕೊಟ್ಟಿಗೇಲೇ ಮಲಗೋದು. ಆದರೆ ಮಗನ ತಪ್ಪು ಇಲ್ಲ. ಕಸುಬು ಕಲಿಸದ ಅಪ್ಪನಿಗೆ ಮಗ ಅನ್ನ ಹಾಕಬೇಕಾಗಿಲ್ಲ ಅಂತ ಕಾನೂನೈತೆ. ನಾನು ಕಲಿಸಿಲ್ಲ."

"ನೀವಾ? ಆಂಡ್ರೋನ್ ಅಂದ್ರೆ ನೀವೇ ತಾನೆ? ನಾನು ಎರಡು ವರ್ಷ ಹುಟ್ಟು ಹಾಕಿದ್ದು ನೀವು ಕಟ್ಟಿದ ಹಡಗಲ್ಲಿ. ಊರ ಹುಡುಗರಿಗೆಲ್ಲ ಕೆಲಸ ಕಲಿಸಿದೋರು, ಸ್ವಂತ ಮಗನಿಗೆ ಕಲಿಸಲಿಲ್ಲ ಅಂದ್ರೆ ಹೇಗೆ ನಂಬೋದು?"

"ಹುಡುಗರು ತಾವೇ ನೋಡಿ ಕಲಿತರು ಬುದ್ಧಿ. ಕಲಿಸೋಕೆ ನನ್ನ ಹತ್ರ ಏನಿತ್ತು? ಮರ ಕಡಿದೆ, ಹೊಟ್ಟೆ ಹೊರೆದೆ. ಸೊಫಿಯಾ ಅನ್ನೋದು ನನ್ನ ಕೈಲಿ ಇದ್ದಿದ್ರೆ ಮಗನಿಗೆ ಕೊಡದೆ ಇನ್ಯಾರಿಗೆ ಕೊಡ್ತಿದ್ದೆ?"

ಕೈರಿಯಾಸ್ ಬಿಡಲಿಲ್ಲ. "ಇವರು ಸಣ್ಣೋರಿದ್ದಾಗ ಅಲ್ಲೇ ಬೆಳೆದಿದ್ದು, ಇಡೀ ಬಂದರೇ ಸಾಕ್ಷಿ ಹೇಳ್ತದೆ. ಅದೆಲ್ಲ ಬೇಡ. ಆ ಎಡಗೈ ಹೊರಗೆ ತೆಗೆಸಿ. ಬೆರಳು ಹೇಗೆ ಹೋಯ್ತು?"

ಲೂಕಿನೋಸ್ ಕೈ ಹೊರಗೆ ತೆಗೆದ. ಬಿಸಿಲು ಕಾಣದ ಆ ಮೋಟು ಬೆರಳನ್ನು ಐನೂರು ಜನ ಕತ್ತು ಚಾಚಿ ನೋಡಿದರು.

"ಅದಾ" ಎಂದ ಅಪ್ಪ. "ಅಲ್ಲಿದ್ದ, ಇಲ್ಲ ಅನ್ನಲ್ಲ. ನೀರು ಹೊತ್ತ, ಚಕ್ಕೆ ಗುಡಿಸಿದ. ಗುಡಿಸೋವಾಗ ಮರ ಕೆತ್ತೋ ಬಾಚಿ ಮುಟ್ಟಿ ಬೆರಳು ಕಳ್ಕೊಂಡ. ಬೈದು ಅಟ್ಟಿಬಿಟ್ಟೆ. ದುಡಿಸ್ಕೊಂಡಿದ್ದೀನಿ ಬುದ್ಧಿ. ದುಡಿಸ್ಕೊಳ್ಳೋದು ಬೇರೆ, ಕಲಿಸೋದು ಬೇರೆ."

ಸಭೆಯಲ್ಲಿ ಕೆಲವರು ನಕ್ಕರು, ಸಂತೆಯ ಮಾತು ಗುರುತು ಹಿಡಿದು. ಲೂಕಿನೋಸನಿಗೆ ಅರ್ಥವಾಯಿತು. ಯಾರೋ ಅಪ್ಪನಿಗೆ ಹೇಳಿದ್ದಾರೆ, ನಿನ್ನ ಮಗ ಹೀಗೆ ಬರೆದು ಗೆದ್ದ ಎಂದು. ಅಪ್ಪ ಅದನ್ನು ಕೇಳಿಸಿಕೊಂಡು, ಬಾಯಿಪಾಠ ಮಾಡಿಕೊಂಡು, ಮಗನ ಉಪಯೋಗಕ್ಕೆ ಬಂದೀತೆಂದು ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಬೆರಳು ಹೋದಾಗ ಅವನಿಗೆ ಹದಿನೈದು. ಕೆಲಸಕ್ಕೆ ಕೂತು ಐದನೆಯ ವರ್ಷ. ಅಪ್ಪ ರಕ್ತ ತನ್ನ ಬಾಯಲ್ಲಿ ಹೀರಿ ಉಗಿದು, ರಾಳ ಬಳಿದು, ಉಣ್ಣೆ ಸುತ್ತಿ, ಮಾರನೆಯ ದಿನವೇ ಉಳಿ ಕೈಗಿಟ್ಟು, ಈಗ ಹೆದರಿದೆಯೋ ಸಾಯೋ ತನಕ ಹೆದರ್ತೀಯ ಮಗಾ, ಹಿಡಿ, ಅಂದಿದ್ದ. ಹಲಗೆಯ ಅಂಚಿಗೆ ಕೆಮ್ಮಣ್ಣು ಬಳಿದು ಕೆಳಗಿನ ಹಲಗೆಯ ಮೇಲೆ ಕೂರಿಸಿ ಎತ್ತಬೇಕು. ಕೆಂಪು ಹತ್ತಿದಲ್ಲಿ ಮರ ತಾಗುತ್ತಿದೆ, ಹತ್ತದ ಕಡೆ ಸಂದು ಇದೆ. ತಾಗಿದ್ದನ್ನು ಹೆರೆ, ಮತ್ತೆ ಬಳಿ, ಮತ್ತೆ ಕೂರಿಸು, ಅಂಚಿನ ಉದ್ದಕ್ಕೂ ಒಂದೇ ಸಮ ಕೆಂಪು ಬರುವ ತನಕ. ಕೊನೆಗೆ ಅಪ್ಪ ಕಣ್ಣು ಮುಚ್ಚಿ ಹೆಬ್ಬೆರಳು ಎಳೆಯುತ್ತಿದ್ದ. ಕಣ್ಣು ಸುಳ್ಳು ಹೇಳ್ತದೆ, ಹೆಬ್ಬೆರಳು ಹೇಳಲ್ಲ. ಹದಿನೇಳನೆಯ ವರ್ಷದ ಒಂದು ಮಧ್ಯಾಹ್ನ ಇವನು ಒಬ್ಬನೇ ಕೂರಿಸಿದ ಹಲಗೆಯ ಮೇಲೆ ಆ ಹೆಬ್ಬೆರಳು ಮೂತಿಯಿಂದ ಬಾಲದವರೆಗೆ ಎಲ್ಲಿಯೂ ನಿಲ್ಲದೆ ಹೋಯಿತು. ಅಪ್ಪ ಕಣ್ಣು ಬಿಟ್ಟು, ಕೆಲಸದವರನ್ನೆಲ್ಲ ಕೂಗಿ ಕರೆದು, "ಬರ್ರೋ ನೋಡಿ, ಇವನಿಗೆ ಬಂತು" ಎಂದ. ಏನು ಬಂತು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಆ ದಿನ ಪಟ್ಟ ಸುಖವನ್ನು ಲೂಕಿನೋಸ್ ಆಮೇಲೆ ಯಾವ ಗೆಲುವಿನಲ್ಲೂ ಪಡಲಿಲ್ಲ. ಈಗ ಇದನ್ನು ಹೇಳಬಹುದಿತ್ತು. ನನ್ನಪ್ಪ ಸುಳ್ಳು ಹೇಳುತ್ತಿದ್ದಾನೆ, ನನಗೆ ಎಲ್ಲ ಕಲಿಸಿದ್ದಾನೆ, ಎಂಬ ಎರಡು ವಾಕ್ಯ. ಅವನು ಕೈಯನ್ನು ಮತ್ತೆ ಹೊದಿಕೆಯ ಒಳಗೆ ಸೇರಿಸಿಕೊಂಡ.

"ಬಾಯಿಮಾತು ಬೇಡ, ಆಣೆಯ ಕಲ್ಲು ಹತ್ತಿ ಹೇಳಲಿ" ಎಂದ ಕೈರಿಯಾಸ್. ಮುಖ್ಯಸ್ಥ ಒಪ್ಪಿದ. ಚೌಕದ ಮೂಲೆಯಲ್ಲಿ ಆ ಕಲ್ಲು ಇದೆ, ಬಲಿಯ ಮಾಂಸದ ತುಂಡು ಇಟ್ಟು ಅದರ ಮೇಲೆ ನಿಂತು ಆಣೆ ಮಾಡುವುದು. ಇಬ್ಬರು ಸಭಿಕರು ಅಪ್ಪನನ್ನು ಬಿಸಿಲಿಗೆ ಕರೆದುಕೊಂಡು ಹೋದರು, ಜನ ಹಿಂದೆ ಹೋಯಿತು, ಲೂಕಿನೋಸನೂ ಹೋದ. ಕಲ್ಲು ಮೊಣಕಾಲೆತ್ತರ. ಅಪ್ಪನಿಗೆ ಹತ್ತಲು ಆಗಲಿಲ್ಲ. ಎರಡು ಸಲ ಕಾಲೆತ್ತಿ ಇಳಿಸಿದ. ಕೊನೆಗೆ ರಟ್ಟೆ ಹಿಡಿದು ಎತ್ತಿದವನು ಕೈರಿಯಾಸ್, ದೂರು ಕೊಟ್ಟವನೇ, "ಮೆಲ್ಲಗೆ ಅಜ್ಜ" ಎನ್ನುತ್ತ. ಮಗ ಗುಂಪಿನಲ್ಲಿ ಎರಡನೆಯ ಸಾಲಿನಲ್ಲಿದ್ದ. ಹೇಳಿಸುವವನು ಹೇಳಿಸಿದ, ಅಪ್ಪ ಒಂದೊಂದೇ ಮಾತು ಹೇಳಿದ, ನನ್ನ ಮಗನಿಗೆ ನಾನು ಯಾವ ಕಸುಬನ್ನೂ ಕಲಿಸಿಲ್ಲ, ಇದು ಸುಳ್ಳಾದರೆ ನಾನೂ ನನ್ನ ಮನೆಯೂ ಬೇರು ಸಮೇತ ಹಾಳಾಗಲಿ. ನಡುಗುವ ಕೈಯಲ್ಲಿ ಮಾಂಸದ ತುಂಡು ಮುಟ್ಟುವಾಗ ಅದು ಒಮ್ಮೆ ಜಾರಿತು. ಮತ್ತೆ ಹುಡುಕಿ ಮುಟ್ಟಿದ.

ಎಲ್ಲರೂ ಒಳಗೆ ಬಂದ ಮೇಲೆ ಸಭೆಯವರು ಕೈ ಎತ್ತಿದರು. ಎತ್ತದವರು ಹತ್ತು ಮಂದಿಯೂ ಇರಲಿಲ್ಲ. "ಇಂಥ ಅಪ್ಪನ ಎದುರೂ ಮಗ ಸುಮ್ಮನಿದ್ದನಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ" ಎಂದು ಪಕ್ಕದ ಬೆಂಚಿನವನು ಹೇಳಿದ್ದು ಲೂಕಿನೋಸನಿಗೆ ಕೇಳಿಸಿತು. ಚಿಕ್ಕಪ್ಪನ ಮಕ್ಕಳು ಅವನನ್ನು ತಬ್ಬಿಕೊಂಡರು. ಅವರಿಂದ ಬಿಡಿಸಿಕೊಂಡು ಹೊರಗೆ ಓಡಿದ. ಅಪ್ಪ ಆಗಲೇ ಚೌಕ ದಾಟಿದ್ದ. ಮಡಕೆ ಮಾರುವವರ ಸಾಲಿನ ಹತ್ತಿರ ಸಿಕ್ಕಿದ.

"ಅಪ್ಪ, ನಿಂತ್ಕೊ. ಮನೆಗೆ ನಡಿ." ಇದನ್ನು ಅವನು ಮನಸ್ಸಿನಿಂದಲೇ ಹೇಳಿದ. "ಕೋಣೆ ಇದೆ. ಹೆಗಿಲ್ಲ ಕಾಯ್ತಾ ಇದ್ದಾಳೆ. ಇವತ್ತಿಂದ ನೀನು ಅಲ್ಲೇ ಇರಬೇಕು."

ಅಪ್ಪ ನಿಂತು ಉಸಿರು ತೆಗೆದುಕೊಂಡ. "ಗೆದ್ದೆ ತಾನೆ? ಸರಿಯಾಗಿ ಹೇಳಿದ್ನಾ? ನಡುವೆ ಒಂದು ಮಾತು ತಪ್ಪಿತೇನೋ ಅನ್ಕೊಂಡೆ."

"ಸರಿಯಾಗೇ ಹೇಳಿದೆ."

"ಹಂಗಾದ್ರೆ ಸರಿ. ಮನೆಗೆ ಬರೋಕಾಗಲ್ಲ ಕಣೋ ಇನ್ನು." ಅವನು ಇದನ್ನು ಮರದ ಲೆಕ್ಕ ಹೇಳುವಷ್ಟು ಸಾವಧಾನವಾಗಿ ಹೇಳಿದ. "ನಾನೂ ನನ್ನ ಮನೆಯೂ ಅಂತ ಹೇಳಿಸ್ತಾರೆ, ಎಣ್ಣೆಯವರು ದೂರು ಕೊಡ್ತಾರೆ ಅಂತ ಗೊತ್ತಾಗಿ ನೆನ್ನೇನೇ ವಿಚಾರಿಸ್ಕೊಂಡಿದ್ದೆ. ನನಗೆ ಮನೆ ಇಲ್ಲ, ಅದಕ್ಕೇ ಧೈರ್ಯವಾಗಿ ಹೇಳಿದೆ. ಹಾಳಾದ್ರೆ ನಾನೊಬ್ಬ. ನಿನ್ನ ಒಲೆ ಹತ್ರ ಬಂದು ಕೂತೆ ಅನ್ನು, ಅದು ನನ್ನ ಮನೆ ಆಗ್ಬಿಡ್ತದಲ್ಲ. ಮಕ್ಕಳವೆ ನಿನಗೆ. ಕೊಟ್ಟಿಗೆಗೂ ಹೋಗಲ್ಲ. ಸುಳ್ಳು ಆಣೆ ಮಾಡಿದೋನು ಬಳಿದ ರಾಳ ನಂಬ್ಕೊಂಡು ಯಾರ ಮಕ್ಕಳೋ ಸಮುದ್ರಕ್ಕೆ ಹೋಗ್ತಾರೆ, ಆಗದು."

"ಮತ್ತೆ ಎಲ್ಲಿಗೆ ಹೋಗ್ತೀಯ?"

"ಬೇಸಿಗೆ ಅಲ್ವಾ. ಎಲ್ಲಿ ಮಲಗಿದ್ರೇನು."

ಲೂಕಿನೋಸ್ ಆಣೆಯನ್ನು ನಂಬುತ್ತಿರಲಿಲ್ಲ. ದೇವರು ಜನರ ಬಾಯಿ ಕಾಯುತ್ತ ಕೂತಿಲ್ಲ, ಕಲ್ಲು ಕಲ್ಲೇ, ಮಾಂಸ ಮಾಂಸವೇ, ಎಂದು ಊಟದ ಮನೆಗಳಲ್ಲಿ ಹತ್ತು ಸಲ ವಾದಿಸಿ ಗೆದ್ದಿದ್ದ. ಹೆದರಿ ನಡುಗುವ ಸಾಕ್ಷಿಗಳಿಗೆ ಅದೇ ಮಾತು ಹೇಳಿ ಧೈರ್ಯ ತುಂಬಿ ಕಳಿಸುತ್ತಿದ್ದ. ಈ ಮುದುಕನನ್ನು ಒಪ್ಪಿಸಲು ಅದರ ಅರ್ಧ ಸಾಕಿತ್ತು. ಅಪ್ಪ ಕಾಯುತ್ತ ನಿಂತಿದ್ದ, ಕೋಲಿನ ಮೇಲೆ ಭಾರ ಹಾಕಿ, ಮಗ ಏನು ಹೇಳುತ್ತಾನೋ ಎಂದು. ಅವನು ನಿಜವಾಗಿ ಕಾಯುತ್ತಿದ್ದ. ಲೂಕಿನೋಸನಿಗೆ ಅಂಗಳದ ಪಕ್ಕದ ಕೋಣೆ ಕಣ್ಣಿಗೆ ಕಟ್ಟಿತು, ಬಾಗಿಲಲ್ಲಿ ರಾಳದ ವಾಸನೆ, ಊಟಕ್ಕೆ ಬಂದ ಗೆಳೆಯರು, ಗುರು ಕೇಳುವ ಪ್ರಶ್ನೆ. ನಿರಾಳವೆನಿಸಿತು. ಅದು ನಿರಾಳವೇ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಯಾರ ಎದುರೂ ವಾದದಲ್ಲಿ ಸೋಲದವನು ಅಪ್ಪನ ಎದುರು ಒಂದು ಮಾತೂ ಎತ್ತದೆ ಸೋತ.

"ನಿನ್ನಿಷ್ಟ ಅಪ್ಪ" ಎಂದ.

ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಅಪ್ಪ ಅವನ ಮುಖವನ್ನೊಮ್ಮೆ ನೋಡಿದ. ಆಮೇಲೆ ಕಣ್ಣು ತೆಗೆದು, ಬಿಸಿಲಿಗೆ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ, "ಹೋಗು, ಒಳಗೆ ಎಲ್ಲ ಕಾಯ್ತಾ ಇರ್ತಾರೆ" ಎಂದ.